ವಾಘೋಲಿಯ ನಲ್ಲಿ ನೀರು: ಗೀಸರ್ ಹೋಯ್ತು, ಬೇಳೆ ಬೇಯ್ತಿಲ್ಲ, ಏನು ಮಾಡೋದು?

ವಾಘೋಲಿ ವಾಸಿ:

ಎಲ್ಲರಿಗೂ ನಮಸ್ಕಾರ. ನಾವು ಪುಣೆಯ ಕೊತ್ರೂಡ್‌ನಿಂದ ವಾಘೋಲಿಗೆ ಮನೆ ಬದಲಾಯಿಸಿದ್ದೇವೆ, ಬಾಡಿಗೆ ಮನೆ. ಕೊತ್ರೂಡ್‌ನಲ್ಲಿ ಇದ್ದಷ್ಟು ದಿನ ನೀರಿನ ಬಗ್ಗೆ ಯೋಚನೆಯೇ ಬಂದಿರಲಿಲ್ಲ. ಖಡಕ್‌ವಾಸ್ಲಾ ಅಣೆಕಟ್ಟಿನ ನೀರು, ಸೋಪು ಹಚ್ಚಿದರೆ ನೊರೆ ಬರುತ್ತಿತ್ತು, ಅಷ್ಟೇ. ಇಲ್ಲಿಗೆ ಬಂದ ಮೇಲೆ ಒಂದೊಂದೇ ಶುರುವಾಯಿತು.

ಮೊದಲು ಶವರ್. ಅರ್ಧ ತೂತು ಮುಚ್ಚಿಹೋಗಿ ಉಳಿದ ತೂತುಗಳಿಂದ ನೀರು ಗೋಡೆಗೆ, ಬಾಗಿಲಿಗೆ ಹಾರುತ್ತದೆ, ತಲೆ ಮೇಲೆ ಬೀಳುವುದೇ ಇಲ್ಲ. ಆಮೇಲೆ ಗೀಸರ್ ಕೈಕೊಟ್ಟಿತು. ರಿಪೇರಿಯವನು ಬಿಚ್ಚಿದಾಗ ಒಳಗಿನಿಂದ ಬಿಳಿ ಚೂರುಗಳು ಬೊಗಸೆ ತುಂಬಾ ಉದುರಿದವು, ಮೊಟ್ಟೆಯ ಸಿಪ್ಪೆ ಪುಡಿ ಮಾಡಿದ ಹಾಗೆ. ಕಾಯಿಲ್ ಸುಟ್ಟು ಬಿರುಕು ಬಿಟ್ಟಿತ್ತು. ‘ಈ ಏರಿಯಾದಲ್ಲಿ ಎಲ್ಲರ ಮನೆಯಲ್ಲೂ ಹೀಗೇ’ ಅಂದ. ಮಗಳ ಬಿಳಿ ಯೂನಿಫಾರಂ ಮಂಕಾಗಿದೆ. ಟವೆಲ್ ಒಣಗಿದರೆ ಹಪ್ಪಳದಷ್ಟು ಬಿರುಸು. ಹೆಂಡತಿಗೆ ಕೂದಲು ಉದುರುವ ಚಿಂತೆ, ತಲೆ ತೊಳೆದ ಮೇಲೂ ಕೂದಲು ಅಂಟಂಟು ಅಂತಾಳೆ. ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ.

ಸೊಸೈಟಿಯಲ್ಲಿ ಕೇಳಿದರೆ ‘ಟ್ಯಾಂಕರ್ ಇದೆ, ಬೋರ್ ಇದೆ, ಎಲ್ಲಾ ಮಿಕ್ಸ್’ ಅನ್ನುತ್ತಾರೆ. ಕೆಳಗೆ ಪಂಪ್ ರೂಮಿನಲ್ಲಿ ನೀರನ್ನು ಮೆತ್ತಗೆ ಮಾಡುವ ಸಾಫ್ಟನರ್ ಪ್ಲಾಂಟ್ ಕೂಡ ಇದೆಯಂತೆ. ಇದ್ದೂ ಹೀಗಾದರೆ ಏನರ್ಥ? ನಾವು ಮೂಲತಃ ಬಾಗಲಕೋಟೆ ಕಡೆಯವರು, ಸವಳು ನೀರು ಕಂಡವರೇ. ಆದರೆ ಊರಲ್ಲಿ ಕುಡಿಯೋಕೆ ಒಂದು ನೀರು, ಬಳಸೋಕೆ ಒಂದು ನೀರು ಅಂತ ಬೇರೆ ಬೇರೆ ತುಂಬಿಡುವ ರೂಢಿ ಇತ್ತು. ಇಲ್ಲಿ ಎಲ್ಲದಕ್ಕೂ ಒಂದೇ ನಲ್ಲಿ.

ಈಗ ಒಬ್ಬರು ಪೈಪಿಗೆ ಕಟ್ಟುವ ಮ್ಯಾಗ್ನೆಟ್ ಮಾರಲು ಬಂದಿದ್ದಾರೆ. ಇನ್ನೊಬ್ಬರು ಶವರ್ ಫಿಲ್ಟರ್ ಹಾಕಿ ಅಂತಾರೆ, ಮತ್ತೊಬ್ಬರು ಇಡೀ ಮನೆಗೆ ಸಾಫ್ಟನರ್ ಹಾಕಿಸಿ ಅಂತಾರೆ. ಮಕ್ಕಳ ಆರೋಗ್ಯಕ್ಕೆ ಇದರಿಂದ ತೊಂದರೆ ಇದೆಯಾ, ಕಿಡ್ನಿ ಸ್ಟೋನ್ ಆಗುತ್ತದಾ ಅನ್ನೋದೂ ತಲೆಯಲ್ಲಿದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ನೀರಿನ ಕೆಲಸದವ, ಹಡಪ್ಸರ್:

ಇವತ್ತಿಗೆ ಏನನ್ನೂ ಕೊಳ್ಳಬೇಡಿ. ನಿಮ್ಮ ನಲ್ಲಿಗೆ ಬರುತ್ತಿರುವುದು ಯಾವ ನೀರು, ಅದರ ಗಡಸು, ಅಂದರೆ ಕರಗಿದ ಸುಣ್ಣದ ಅಂಶ, ಎಷ್ಟು ಅಂತ ಗೊತ್ತಾಗದೆ ಯಾವ ಯಂತ್ರ ತಂದರೂ ದುಡ್ಡು ದಂಡ.

ಕೊತ್ರೂಡ್‌ನಲ್ಲಿ ನೀವು ಬಳಸಿದ್ದು ಅಣೆಕಟ್ಟಿನ ನೀರು. ಪಾನ್‌ಶೇತ್, ವರಸಗಾಂವ್, ಟೇಮ್‌ಘರ್, ಖಡಕ್‌ವಾಸ್ಲಾ, ಈ ನಾಲ್ಕರಲ್ಲೂ ತುಂಬುವುದು ಸಹ್ಯಾದ್ರಿಯ ಮಳೆ. ಬಂಡೆಯ ಮೇಲೆ ಹರಿದು ನೇರ ಕೆರೆಗೆ ಇಳಿಯುವ ನೀರಿಗೆ ಸುಣ್ಣ ಹೀರಿಕೊಳ್ಳಲು ಸಮಯವೇ ಸಿಗುವುದಿಲ್ಲ. ವಾಘೋಲಿ ಪುಣೆ ಪಾಲಿಕೆಗೆ ಸೇರಿದ್ದೇ 2021ರಲ್ಲಿ, ಆಗ ಸೇರಿದ 23 ಹಳ್ಳಿಗಳಲ್ಲಿ ಅದೂ ಒಂದು. ಊರು ಬೆಳೆದ ವೇಗಕ್ಕೆ ಪೈಪ್‌ಲೈನ್ ಬೆಳೆಯಲಿಲ್ಲ. ಹಾಗಾಗಿ ಟ್ಯಾಂಕರ್ ಮತ್ತು ಬೋರ್ ಮೇಲೆ ನಿಂತಿರುವ ಸೊಸೈಟಿಗಳು ಜಾಸ್ತಿ. ಟ್ಯಾಂಕರ್ ಅಂದರೆ ಒಳ್ಳೆ ನೀರು ಅಂತ ಅಂದುಕೊಳ್ಳಬೇಡಿ, ಅದನ್ನೂ ಎಲ್ಲೋ ಒಂದು ಬಾವಿಯಿಂದಲೋ ಬೋರ್‌ನಿಂದಲೋ ತುಂಬಿರಬಹುದು. ಇವತ್ತು ಒಂದು ಕಡೆ ತುಂಬಿದರೆ ನಾಳೆ ಇನ್ನೊಂದು ಕಡೆ. ಏಪ್ರಿಲ್, ಮೇ ಬಂದರೆ ಬೋರ್ ಪಾಲು ಹೆಚ್ಚಾಗುತ್ತದೆ, ಗಡಸೂ ಏರುತ್ತದೆ.

ಅಳತೆಯ ವಿಷಯಕ್ಕೆ ಬರೋಣ. ಎಲ್ಲರ ಕೈಯಲ್ಲೂ ಪೆನ್ನಿನಂಥ ಟಿಡಿಎಸ್ ಮೀಟರ್ ಇರುತ್ತದೆ. ಅದು ಗಡಸನ್ನು ಅಳೆಯುವುದಿಲ್ಲ! ನೀರಿನಲ್ಲಿ ಕರಗಿದ ಎಲ್ಲವನ್ನೂ ಸೇರಿಸಿ ಒಂದು ಅಂದಾಜು ಕೊಡುತ್ತದೆ, ಅಡುಗೆ ಉಪ್ಪು ಕರಗಿದ್ದರೂ ಏರುತ್ತದೆ. ನಿಮಗೆ ಬೇಕಾದದ್ದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲೆಕ್ಕ, ಅಂದರೆ ಟೋಟಲ್ ಹಾರ್ಡ್‌ನೆಸ್. ಅಕ್ವೇರಿಯಂ ಅಂಗಡಿಗೆ ಹೋಗಿ ಜಿಎಚ್ (ಜನರಲ್ ಹಾರ್ಡ್‌ನೆಸ್) ಟೆಸ್ಟ್ ಕಿಟ್ ಕೇಳಿ. ಚಿಕ್ಕ ಸೀಸೆಯಲ್ಲಿ ನೀರು ತೆಗೆದುಕೊಂಡು ಹನಿ ಹನಿಯಾಗಿ ದ್ರಾವಣ ಹಾಕಬೇಕು, ಬಣ್ಣ ಬದಲಾಗುವವರೆಗೆ ಹನಿ ಎಣಿಸಬೇಕು. ಹೆಚ್ಚಿನ ಕಿಟ್‌ಗಳಲ್ಲಿ ಒಂದು ಹನಿಗೆ ಒಂದು ಡಿಗ್ರಿ, ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ಪಕ್ಕಾ ರಿಪೋರ್ಟ್ ಬೇಕಿದ್ದರೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕೊಡಿ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಗಡಸು ಲೀಟರಿಗೆ 200 ಮಿಲಿಗ್ರಾಂವರೆಗೆ ಇರುವುದು ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ. ಆದರೆ ಗೀಸರ್ ಈ ಮಾನಕ ಕೇಳುವುದಿಲ್ಲ, 200 ದಾಟಿದರೆ ಸಾಕು, ಅದು ಸುಣ್ಣ ಕಟ್ಟಲು ಶುರು ಮಾಡುತ್ತದೆ.

ಒಂದು ಲೆಕ್ಕ ನೋಡಿ. ನೀರಿನ ಗಡಸು 400 ಇದೆ ಅಂತ ಇಟ್ಟುಕೊಳ್ಳಿ. ಹತ್ತು ಸಾವಿರ ಲೀಟರಿನ ಒಂದು ಟ್ಯಾಂಕರ್ ಬಂದರೆ ಅದರ ಜೊತೆ ನಾಲ್ಕು ಕೆಜಿ ಸುಣ್ಣದ ಅಂಶ ನಿಮ್ಮ ಸಂಪ್ ಟ್ಯಾಂಕಿಗೆ ಇಳಿಯಿತು. ಎಲ್ಲವೂ ಪೈಪಿನಲ್ಲಿ ಕೂರುವುದಿಲ್ಲ, ಬಹಳಷ್ಟು ನೀರಿನ ಜೊತೆಯೇ ಹೊರಗೆ ಹೋಗುತ್ತದೆ. ಆದರೆ ಎಲ್ಲಿ ನೀರು ಕಾಯುತ್ತದೋ, ಎಲ್ಲಿ ಹನಿ ನಿಂತು ಒಣಗುತ್ತದೋ, ಅಲ್ಲೆಲ್ಲ ಉಳಿಯುತ್ತದೆ. ನಿಮ್ಮ ಗೀಸರ್, ಶವರ್, ನಲ್ಲಿ ಬಾಯಿಯ ಜಾಲರಿ, ಗಾಜು.

ಇನ್ನು ಪಂಪ್ ರೂಮಿನ ಪ್ಲಾಂಟ್. ಅಸಲಿ ವಿಷಯ ಅಲ್ಲೇ ಇದೆ ಅಂತ ನನ್ನ ಅನುಮಾನ. ಸಾಫ್ಟನರ್ ಒಳಗೆ ರೆಸಿನ್ ಅನ್ನುವ ಸಣ್ಣ ಸಣ್ಣ ಮಣಿಗಳಿರುತ್ತವೆ. ಅವು ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಗಟ್ಟಿ ಉಪ್ಪು ನೀರು ಹಾಯಿಸಿ ತೊಳೆಯಬೇಕು, ಅದಕ್ಕೇ ರೀಜನರೇಷನ್ ಅನ್ನುತ್ತಾರೆ. ತೊಳೆಯದಿದ್ದರೆ ನೀರು ಹೇಗೆ ಬಂತೋ ಹಾಗೇ ದಾಟಿ ಹೋಗುತ್ತದೆ. ಹೊರಗಿನಿಂದ ನೋಡಿದರೆ ಪ್ಲಾಂಟ್ ಓಡುತ್ತಲೇ ಇರುತ್ತದೆ, ಗೇಜಿನ ಮುಳ್ಳು ಅಲ್ಲಾಡುತ್ತಲೇ ಇರುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರ್ ಬಳಸುವ ಸೊಸೈಟಿಗೆ, 400 ಗಡಸಿನ ನೀರಿಗೆ, ಅಂದಾಜು 120 ಕೆಜಿ ಉಪ್ಪು ಬೇಕು. ದಿನಕ್ಕೆ! ಅಷ್ಟು ಉಪ್ಪಿನ ಚೀಲ ನಿಮ್ಮ ಗೇಟಿನೊಳಗೆ ಬರುವುದನ್ನು ಯಾರಾದರೂ ನೋಡಿದ್ದಾರಾ, ಕೇಳಿ.

ಇನ್ನೊಂದು ಮುಖ್ಯ ಮಾತು. ಸಾಫ್ಟನರ್ ಸರಿಯಾಗಿ ಕೆಲಸ ಮಾಡಿದರೂ ಟಿಡಿಎಸ್ ಇಳಿಯುವುದಿಲ್ಲ, ಒಂದನ್ನು ತೆಗೆದು ಇನ್ನೊಂದನ್ನು ಬಿಡುತ್ತದಲ್ಲ. ಆದ್ದರಿಂದ ಯಾರಾದರೂ ಟಿಡಿಎಸ್ ಮೀಟರ್ ಅದ್ದಿ ‘ನೋಡಿ, ಪ್ಲಾಂಟ್ ಚೆನ್ನಾಗಿದೆ’ ಅಥವಾ ‘ಪ್ಲಾಂಟ್ ಕೆಟ್ಟಿದೆ’ ಅಂದರೆ ಎರಡನ್ನೂ ನಂಬಬೇಡಿ. ಪ್ಲಾಂಟಿಗೆ ಹೋಗುವ ಮುಂಚಿನ ನೀರು, ಹೊರಬಂದ ನೀರು, ಎರಡಕ್ಕೂ ಹನಿ ಕಿಟ್ ಹಾಕಿ ನೋಡಿ. ವ್ಯತ್ಯಾಸ ಇಲ್ಲದಿದ್ದರೆ ಉತ್ತರ ಸಿಕ್ಕಿತು.

ಉಂಡ್ರಿ ಅಕ್ಕ:

ತಮ್ಮಾ, ನಿಮ್ಮ ಬೇಳೆ ಕಥೆ ಓದಿ ನಮ್ಮ ಮನೆಯದೇ ಅನ್ನಿಸಿತು. ನಾನು ವಿಜಯಪುರದವಳು, ಮದುವೆಯಾಗಿ ಪುಣೆಗೆ ಬಂದು ಬಹಳ ವರ್ಷ ಆಯಿತು. ಯಂತ್ರದ ವಿಷಯ ಮೇಲಿನ ಅಣ್ಣ ಹೇಳಿದ್ದಾರೆ, ನಾನು ಅಡುಗೆಮನೆ, ಬಚ್ಚಲಮನೆ ಹೇಳುತ್ತೇನೆ.

ಬೇಳೆಯನ್ನು ತೊಳೆಯೋಕೆ ನಲ್ಲಿ ನೀರು ಸಾಕು. ನೆನೆಸೋಕೆ, ಬೇಯಿಸೋಕೆ ಮಾತ್ರ ಆರ್‌ಒ ನೀರು ಹಾಕಿ. ಅರ್ಧ ಗಂಟೆ ನೆನೆಸಿ ಕುಕ್ಕರಿಗೆ ಇಟ್ಟು ನೋಡಿ, ಅದೇ ಬೇಳೆ ಬೆಣ್ಣೆಯಾಗುತ್ತದೆ. ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆ, ಗೋಡೆಯನ್ನು ಗಟ್ಟಿ ಮಾಡುತ್ತದಂತೆ, ಅದಕ್ಕೇ ಬೇಯುವುದಿಲ್ಲ. ಕಡಲೆ, ಮಡಕೆ ಕಾಳು, ರಾಜ್ಮಾಕ್ಕೂ ಹಾಗೇ. ಕೆಲವರು ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಬೇಗ ಬೇಯುತ್ತದೆ, ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ಸಾರಿನ ರುಚಿಯೂ ಬದಲಾಗುತ್ತದೆ. ದಿನಾ ಮಾಡುವ ಅಡುಗೆಗೆ ಬೇಡ. ಹುಣಸೆ, ಟೊಮೆಟೊ ಬೇಳೆ ಬೆಂದ ಮೇಲೆಯೇ ಹಾಕಿ, ಹುಳಿ ಮುಂಚೆ ಬಿದ್ದರೂ ಬೇಳೆ ಬೇಯಲು ಹಟ ಮಾಡುತ್ತದೆ.

ಚಹಾ ಕೂಡ ನೋಡಿ. ಬೋರ್ ನೀರಿನಲ್ಲಿ ಹಾಲಿಲ್ಲದ ಚಹಾ ಮಾಡಿ ಐದು ನಿಮಿಷ ಬಿಟ್ಟರೆ ಮೇಲೆ ತೆಳ್ಳಗೆ ಎಣ್ಣೆಯಂಥ ಪೊರೆ ಕಟ್ಟುತ್ತದೆ, ಚಮಚ ತಾಗಿಸಿದರೆ ತುಂಡು ತುಂಡಾಗಿ ಸರಿಯುತ್ತದೆ, ಲೋಟದ ಒಳಗೆ ಕಂದು ಗೆರೆ ಉಳಿಯುತ್ತದೆ. ಎರಡು ಹನಿ ನಿಂಬೆರಸ ಹಾಕಿ, ಪೊರೆ ಹೋಗುತ್ತದೆ. ನಮ್ಮ ಮಗಳಿಗೆ ನಾನು ಇದನ್ನೇ ತೋರಿಸಿ ಹುಳಿ ಹಾಕಿದರೆ ಸುಣ್ಣ ಕರಗುತ್ತದೆ ಅಂತ ಹೇಳಿಕೊಟ್ಟೆ.

ಅದೇ ಉಪಾಯ ಎಲ್ಲದಕ್ಕೂ ಬರುತ್ತದೆ. ಕಿರಾಣಿ ಅಂಗಡಿಯಲ್ಲಿ ಲಿಂಬು ಸತ್ವ ಕೇಳಿ, ಸಿಟ್ರಿಕ್ ಆಸಿಡ್ ಅಂದರೂ ಕೊಡುತ್ತಾರೆ. ಬಿಸಿನೀರಿಗೆ ಒಂದೆರಡು ಚಮಚ ಕರಗಿಸಿ ಶವರ್ ಬಿಚ್ಚಿ ರಾತ್ರಿ ಅದರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ತೂತುಗಳು ತೆರೆದುಕೊಳ್ಳುತ್ತವೆ. ಬಿಚ್ಚಲು ಬರದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಆ ನೀರು ತುಂಬಿ ಶವರಿಗೆ ಕಟ್ಟಿ ನೇತುಹಾಕಿ. ನಲ್ಲಿ ಬಾಯಿಯ ಜಾಲರಿ, ನೀರು ಕಾಯಿಸುವ ಕೆಟಲ್, ಸ್ಟೀಲ್ ಬಕೆಟ್ ಎಲ್ಲಕ್ಕೂ ಇದೇ. ವಾಷಿಂಗ್ ಮಷೀನಿಗೂ ಬಟ್ಟೆ ಹಾಕದೆ, ಬಿಸಿನೀರಿನಲ್ಲಿ, ಲಿಂಬು ಸತ್ವ ಹಾಕಿ ಆಗಾಗ ಒಮ್ಮೆ ತಿರುಗಿಸಿ.

ಎರಡು ಕಡೆ ಮಾತ್ರ ಹುಷಾರು. ಮಾರ್ಬಲ್ ಮೇಲೆ ಹುಳಿ ಹಾಕಲೇಬೇಡಿ. ಅದೂ ಸುಣ್ಣದ ಕಲ್ಲೇ, ಹೊಳಪು ತಿಂದುಹಾಕುತ್ತದೆ. ದೇವರ ಮನೆ ಕಟ್ಟೆ ಮಾರ್ಬಲ್ ಆಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಆರಿಸಿ, ಅಷ್ಟೇ. ಮತ್ತೆ, ಲಿಂಬು ಸತ್ವ ಆಗಲಿ ಟಾಯ್ಲೆಟ್ ಆಸಿಡ್ ಆಗಲಿ, ಬ್ಲೀಚ್ ಜೊತೆ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ, ಸಣ್ಣ ಬಚ್ಚಲಮನೆಯಲ್ಲಿ ಉಸಿರು ಕಟ್ಟುತ್ತದೆ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ಕೂರಿಸಿ ಹೇಳಿ, ಬೇಗ ಕೆಲಸ ಮುಗಿಯಲಿ ಅಂತ ಎರಡೂ ಒಟ್ಟಿಗೆ ಸುರಿದುಬಿಡುತ್ತಾರೆ.

ಯೂನಿಫಾರಂಗೆ ಸೋಪಿನ ಬಿಲ್ಲೆ ಉಜ್ಜುವುದು ನಿಲ್ಲಿಸಿ. ಗಡಸು ನೀರು ಮತ್ತು ಸೋಪು ಸೇರಿದರೆ ಬಿಳಿ ಜಿಡ್ಡಾಗುತ್ತದೆ, ನೀವು ನೋಡುತ್ತಿರುವ ಮಂಕು ಅದೇ. ಡಿಟರ್ಜೆಂಟ್ ಪುಡಿ ಬಳಸಿ, ಅದರ ಜೊತೆ ಒಂದು ಚಮಚ ವಾಷಿಂಗ್ ಸೋಡಾ.

ಮೇಷ್ಟ್ರು, ಚಿಂಚವಡ:

ಆರೋಗ್ಯದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಪ್ರಯತ್ನಿಸುತ್ತೇನೆ. ಕೆಮಿಸ್ಟ್ರಿ ಪಾಠ ಮಾಡುವವನು, ಡಾಕ್ಟರ್ ಅಲ್ಲ.

ಗಡಸು ನೀರು ಕುಡಿದರೆ ವಿಷ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸಿಗೆ ಆರೋಗ್ಯದ ಕಾರಣಕ್ಕೆ ಮಿತಿಯನ್ನೇ ಹಾಕಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ನಮ್ಮ ದೇಹಕ್ಕೆ ಬೇಕಾದವೇ. ಕಿಡ್ನಿ ಸ್ಟೋನ್ ಗಡಸು ನೀರಿನಿಂದಲೇ ಬರುತ್ತದೆ ಅಂತ ಸಾಬೀತಾಗಿಲ್ಲ. ನೀರು ಕಡಿಮೆ ಕುಡಿಯುವುದು ಅದಕ್ಕಿಂತ ದೊಡ್ಡ ಕಾರಣ. ರುಚಿ ಇಲ್ಲ ಅಂತ ಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ಅದು ನಿಜವಾದ ತೊಂದರೆ. ಮನೆಯಲ್ಲಿ ಆಗಲೇ ಸ್ಟೋನ್ ಆದವರಿದ್ದರೆ ಡಾಕ್ಟರನ್ನು ಕೇಳಿ.

ಕೂದಲಿನ ಬಗ್ಗೆ. ಗಡಸು ನೀರಿನಲ್ಲಿ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬಾಚುವಾಗ ತುಂಡಾಗುತ್ತದೆ. ಬುಡದಿಂದ ಉದುರುವುದು ಬೇರೆ ವಿಷಯ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ನೋಡಿ. ಉದ್ದ ಪೂರ್ತಿ ಇದ್ದು ತುದಿಯಲ್ಲಿ ಚಿಕ್ಕ ಬಿಳಿ ಗುಂಡು ಇದ್ದರೆ ಬುಡದಿಂದ ಬಂದದ್ದು. ಅಂಥವೇ ಜಾಸ್ತಿ ಇದ್ದರೆ ನೀರನ್ನು ಬೈಯುತ್ತಾ ಕೂರಬೇಡಿ, ಥೈರಾಯ್ಡ್, ಹಿಮೋಗ್ಲೋಬಿನ್, ಕಬ್ಬಿಣಾಂಶ ಪರೀಕ್ಷೆ ಮಾಡಿಸಿ. ಹೆಂಗಸರ ಕೂದಲು ಉದುರಿದರೆ ಎಲ್ಲರೂ ನೀರಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ, ಒಳಗಿನ ರಕ್ತಹೀನತೆ ಹಾಗೇ ಉಳಿಯುತ್ತದೆ. ಅಂಟಂಟು ಅನ್ನಿಸುವುದಕ್ಕೆ ಮಾತ್ರ ಸುಲಭ ದಾರಿ ಇದೆ. ಶಾಂಪೂ ಬಾಟಲಿಯ ಹಿಂದೆ ಇಡಿಟಿಎ ಅಂತ ಬರೆದಿರುವುದನ್ನು ಆರಿಸಿ, ಅದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಕೊನೆಯ ಒಂದು ತಂಬಿಗೆ ಆರ್‌ಒ ನೀರಿನಲ್ಲಿ ತೊಳೆಯಲಿ.

ಮಕ್ಕಳ ಚರ್ಮ ಒಣಗುವುದಕ್ಕೂ ಸೋಪಿನ ಜಿಡ್ಡೂ ಒಂದು ಕಾರಣ, ಸೋಪು ಕಡಿಮೆ ಮಾಡಿ, ಸ್ನಾನ ಆದ ತಕ್ಷಣ ಕೊಬ್ಬರಿ ಎಣ್ಣೆ ಹಚ್ಚಿ. ಎಕ್ಸಿಮಾ (ತುರಿಕೆಯ ಚರ್ಮರೋಗ) ವಾಸಿಯಾಗುತ್ತದೆ ಅಂತ ಯಾರಾದರೂ ಸಾಫ್ಟನರ್ ಮಾರಲು ಬಂದರೆ ಇದನ್ನು ಹೇಳಿ: ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ಪರೀಕ್ಷೆ ನಡೆಯಿತು, 2011ರಲ್ಲಿ ಫಲಿತಾಂಶ ಪ್ರಕಟವಾಯಿತು, ಸಾಫ್ಟನರ್ ಹಾಕಿಸಿದ ಮನೆಯ ಮಕ್ಕಳಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ.

ಒಂದು ವಿಷಯ ನನಗೆ ಬಹಳ ಮುಖ್ಯ. ಗಡಸು ಬೇರೆ, ರೋಗಾಣು ಬೇರೆ. ಜನ ಬಿಳಿ ಕಲೆ ನೋಡಿ ಹೆದರುತ್ತಾರೆ, ಕಣ್ಣಿಗೆ ಕಾಣದ್ದನ್ನು ಮರೆಯುತ್ತಾರೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ, ನಾಂದೇಡ್ ಗಾಂವ್, ಕಿರ್ಕಟವಾಡಿ ಸುತ್ತ ಗಿಯಾನ್ ಬಾರೆ ಅನ್ನುವ ನರಗಳ ಕಾಯಿಲೆ ಹಬ್ಬಿದ್ದು ನೆನಪಿದೆಯಲ್ಲ? ಆಗ ಅನುಮಾನ ಹೋದದ್ದು ಕಲುಷಿತ ನೀರಿನ ಮೇಲೆ, ರೋಗಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾ ಸಿಕ್ಕಿತ್ತು. ಸಾಫ್ಟನರ್ ರೋಗಾಣು ಕೊಲ್ಲುವುದಿಲ್ಲ. ನೀರು ಎಷ್ಟು ಮೆತ್ತಗಿದ್ದರೂ ಕುಡಿಯುವ ಮುಂಚೆ ಕುದಿಸಿ ಅಥವಾ ಒಳ್ಳೆ ಪ್ಯೂರಿಫೈಯರ್ ಬಳಸಿ. ಲ್ಯಾಬಿಗೆ ಕೊಡುವಾಗ ಗಡಸಿನ ಜೊತೆ ಕೋಲಿಫಾರ್ಮ್, ಅಂದರೆ ಬ್ಯಾಕ್ಟೀರಿಯಾ ಪರೀಕ್ಷೆಯನ್ನೂ ಬರೆಸಿ.

ನಿಮ್ಮ ಕಡೆ ನೀರು ಯಾಕೆ ಹೀಗೆ ಅನ್ನೋದನ್ನೂ ಹೇಳಿಬಿಡುತ್ತೇನೆ, ನನಗೆ ಇಷ್ಟದ ವಿಷಯ. ದಖ್ಖನ್ ಕಪ್ಪು ಬಂಡೆ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ. ಮಳೆ ನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ, ಬಿರುಕುಗಳಲ್ಲಿ ನಿಧಾನವಾಗಿ ಇಳಿಯುತ್ತಾ ಇವನ್ನು ಕರಗಿಸಿಕೊಳ್ಳುತ್ತದೆ. ನಿಮ್ಮ ವಾಘೋಲಿಯ ಕಲ್ಲು ಕ್ವಾರಿಗಳು ಜಗತ್ತಿನ ಖನಿಜ ಸಂಗ್ರಹಕಾರರಿಗೆಲ್ಲ ಗೊತ್ತು, ಗೊತ್ತಾ? ಕ್ಯಾವನ್ಸೈಟ್ ಅನ್ನುವ ಕಡು ನೀಲಿ ಹರಳು ಅಲ್ಲಿ ಸಿಕ್ಕಷ್ಟು ಚೆಂದ ಬೇರೆಲ್ಲೂ ಸಿಗುವುದಿಲ್ಲ, ಅದರಲ್ಲೂ ಕ್ಯಾಲ್ಸಿಯಂ ಇದೆ. ಬಂಡೆಯ ಪೊಳ್ಳುಗಳಲ್ಲಿ ನೀರು ಹರಿದು ಹರಿದೇ ಆ ಹರಳು ಕಟ್ಟಿದ್ದು.

ವಾಘೋಲಿ ವಾಸಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹನಿ ಕಿಟ್ ತಂದೆ. ಸೆಕ್ರೆಟರಿಯವರನ್ನು ಕರೆದುಕೊಂಡೇ ಪಂಪ್ ರೂಮಿಗೆ ಇಳಿದೆ. ಪ್ಲಾಂಟಿನ ಮುಂಚೆ 24 ಹನಿ, ಆಮೇಲೆ 23 ಹನಿ. ಲೆಕ್ಕ ಹಾಕಿದರೆ 400ರ ಮೇಲೆ, ಎರಡೂ ಕಡೆ. ಉಪ್ಪಿನ ಟ್ಯಾಂಕ್ ತಳದಲ್ಲಿ ಒಣಗಿದ ಬಿಳಿ ಗೆರೆ ಬಿಟ್ಟರೆ ಏನೂ ಇಲ್ಲ. ಆಪರೇಟರ್ ಪಾಪದವನು, ‘ಸಾಹೇಬ್, ಉಪ್ಪು ತರಿಸಿದರೆ ಹಾಕುತ್ತೇನೆ, ತರಿಸುವುದೇ ಅಪರೂಪ’ ಅಂದ. ಸೆಕ್ರೆಟರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಮುಖ ಸಪ್ಪಗಾಯಿತು.

ಬೇಳೆ ಆರ್‌ಒ ನೀರಿನಲ್ಲಿ ಬೆಂದಿತು, ಅಕ್ಕಾ! ಹೆಂಡತಿಗೆ ರಕ್ತಪರೀಕ್ಷೆ ಬರೆಸಿದ್ದೇವೆ.

ಈಗ ಕಮಿಟಿಯವರು ಉಪ್ಪಿನ ಖರ್ಚು ಮೇಂಟೆನೆನ್ಸಿಗೆ ಸೇರಿಸಿದರೆ ಜನ ಜಗಳ ಮಾಡುತ್ತಾರೆ ಅಂತ ಹೆದರುತ್ತಿದ್ದಾರೆ. ಬಾಡಿಗೆದಾರ ನಾನು, ನನ್ನ ಮಾತು ಎಷ್ಟು ನಡೆಯುತ್ತದೆ? ಅಲ್ಲಿಯವರೆಗೆ ಮನೆಗೆ ಏನು ಹಾಕಲಿ?

ಬಾಣೇರ್ ಕಮಿಟಿ:

ನಮ್ಮ ಸೊಸೈಟಿಯಲ್ಲೂ ಇದೇ ಜಗಳ ನಡೆದು ಮುಗಿದಿದೆ, ಅದಕ್ಕೆ ಬರೆಯುತ್ತಿದ್ದೇನೆ. ಜನ ಖರ್ಚಿಗೆ ಬೇಡ ಅನ್ನುವುದಿಲ್ಲ, ಯಾತಕ್ಕೆ ಅಂತ ಗೊತ್ತಿಲ್ಲದ ಖರ್ಚಿಗೆ ಬೇಡ ಅನ್ನುತ್ತಾರೆ. ಮೀಟಿಂಗಿನಲ್ಲಿ ಮಾತಾಡುವುದಕ್ಕಿಂತ ಮುಂಚೆ ಪ್ರತಿ ಮನೆಯಲ್ಲಿ ಗೀಸರ್ ಕಾಯಿಲ್, ಮಷೀನ್ ರಿಪೇರಿ, ನಲ್ಲಿ ಬದಲಾವಣೆಗೆ ಒಂದು ವರ್ಷದಲ್ಲಿ ಎಷ್ಟು ಹೋಯಿತು ಅಂತ ಒಂದು ಸಾಲು ಬರೆಸಿಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಒಂದು ಸಂಜೆಯಲ್ಲಿ ಬರುತ್ತದೆ. ಆ ಮೊತ್ತದ ಪಕ್ಕ ಉಪ್ಪಿನ ಮೊತ್ತ ಇಟ್ಟು ತೋರಿಸಿ. ನಮ್ಮಲ್ಲಿ ಅದಾದ ಮೇಲೆ ಕೈ ಎತ್ತಿ ವಿರೋಧಿಸಿದವರು ಯಾರೂ ಇರಲಿಲ್ಲ.

ಉಪ್ಪು ತಂದರೆ ಮುಗಿಯಿತು ಅಂತಲೂ ಅಲ್ಲ. ಪಂಪ್ ರೂಮಿನ ಗೋಡೆಗೆ ಒಂದು ರಿಜಿಸ್ಟರ್ ತೂಗುಹಾಕಿ. ಇವತ್ತು ಎಷ್ಟು ಉಪ್ಪು, ಎಷ್ಟು ಹೊತ್ತಿಗೆ ರೀಜನರೇಷನ್, ಹೊರಬಂದ ನೀರಿಗೆ ಎಷ್ಟು ಹನಿ, ಆಪರೇಟರ್ ಸಹಿ. ನಿವಾಸಿಗಳಲ್ಲಿ ಯಾರಾದರೂ ಒಬ್ಬರು ವಾರಕ್ಕೊಮ್ಮೆ ಇಳಿದು ನೋಡಬೇಕು, ಬಾಡಿಗೆದಾರರಾದರೂ ಪರವಾಗಿಲ್ಲ, ನೀವೇ ಆ ಕೆಲಸ ವಹಿಸಿಕೊಳ್ಳಿ. ಮತ ಹಾಕುವ ಹಕ್ಕು ಮಾಲೀಕರದು, ಹನಿ ಎಣಿಸುವುದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ. ನಿಮ್ಮ ಮನೆ ಮಾಲೀಕರಿಗೂ ಗೀಸರ್ ಫೋಟೋ ಕಳಿಸಿ, ಹಾಳಾಗುತ್ತಿರುವುದು ಅವರ ಪೈಪ್, ಅವರ ಫಿಟ್ಟಿಂಗ್.

ರೆಸಿನ್‌ಗೂ ವಯಸ್ಸಿದೆ. ಬಹಳ ದಿನ ಉಪ್ಪು ಕಾಣದಿದ್ದರೆ, ಬೋರ್ ನೀರಿನಲ್ಲಿ ಕಬ್ಬಿಣ ಇದ್ದರೆ, ಮಣಿಗಳ ಮೇಲೆ ಕಂದು ಪದರ ಕೂತು ಮತ್ತೆ ಉಪ್ಪು ಹಾಕಿದರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಎರಡು ಮೂರು ಸಲ ಸರಿಯಾಗಿ ರೀಜನರೇಷನ್ ಮಾಡಿದ ಮೇಲೂ ಹನಿ ಇಳಿಯದಿದ್ದರೆ ರೆಸಿನ್ ತೊಳೆಸಬೇಕು ಅಥವಾ ಬದಲಿಸಬೇಕು. ಮತ್ತೆ ಎಲ್ಲ ನೀರನ್ನೂ ಮೆತ್ತಗೆ ಮಾಡುವ ಅಗತ್ಯವಿಲ್ಲ. ಫ್ಲಶ್, ತೋಟ, ಕಾರು ತೊಳೆಯುವ ಲೈನ್ ಬೇರೆ ಇದ್ದರೆ ಅದನ್ನು ಪ್ಲಾಂಟಿನಿಂದ ಹೊರಗೆ ಇಡಿ. ಉಪ್ಪಿನ ಖರ್ಚು ಅಲ್ಲೇ ಕಡಿಮೆಯಾಗುತ್ತದೆ. ಟ್ಯಾಂಕರ್‌ನವರಿಗೂ ಹೇಳಿಬಿಡಿ, ಗೇಟಿನಲ್ಲೇ ಹನಿ ಹಾಕಿ ನೋಡುತ್ತೇವೆ, ಜಾಸ್ತಿ ಬಂದರೆ ವಾಪಸ್ ಅಂತ. ನಾವು ಹಾಗೆ ಶುರು ಮಾಡಿದ ಮೇಲೆ ನೀರು ಬದಲಾಯಿತು.

ಬಾಡಿಗೆ ಮನೆ, ಖರಾಡಿ:

ಶವರ್ ಫಿಲ್ಟರ್ ಬೇಡ. ನಾನು ಹಾಕಿಸಿ ಹನಿ ಕಿಟ್‌ನಿಂದ ನೋಡಿದ್ದೇನೆ, ಒಂದು ಹನಿಯೂ ಇಳಿಯಲಿಲ್ಲ. ಅದು ಕ್ಲೋರಿನ್ ವಾಸನೆ, ಮಣ್ಣು ಹಿಡಿಯುತ್ತದೆ. ಅಷ್ಟು ಚಿಕ್ಕ ಡಬ್ಬಿಯಲ್ಲಿ ಹಿಡಿಸುವ ರೆಸಿನ್ ಕೆಲವೇ ಬಕೆಟ್ ನೀರಿಗೆ ಮುಗಿದುಹೋಗುತ್ತದೆ. ಮ್ಯಾಗ್ನೆಟ್ ಇನ್ನೂ ಕಷ್ಟ, ನೀರಿನಲ್ಲಿರುವ ಕ್ಯಾಲ್ಸಿಯಂ ಅಲ್ಲೇ ಇರುತ್ತದೆ, ಕೆಲಸ ಮಾಡುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಮಾರುವವರಿಗೆ ಹೇಳಿ, ಮುಂಚೆ ಆಮೇಲೆ ಎರಡೂ ಅಳೆದು ತೋರಿಸಿ ಅಂತ.

ವಾಷಿಂಗ್ ಮಷೀನ್ ಹಿಂದಿನ ಪೈಪಿಗೆ ಹಾಕುವ ಸಣ್ಣ ಸಾಫ್ಟನರ್ ಸಿಗುತ್ತದೆ, ಉಪ್ಪು ಹಾಕಿ ತೊಳೆಯುವಂಥದ್ದು. ಅದು ನಮ್ಮಲ್ಲಿ ಕೆಲಸ ಮಾಡುತ್ತಿದೆ, ಆದರೆ ಉಪ್ಪು ತಪ್ಪಿಸಬಾರದು. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ನೀರಿನ ಕೆಲಸದವ, ಹಡಪ್ಸರ್:

24 ಮತ್ತು 23. ಅಂದುಕೊಂಡದ್ದೇ ಆಯಿತು. ಮೇಲಿನವರು ಕಮಿಟಿ ವಿಷಯ ಚೆನ್ನಾಗಿ ಹೇಳಿದ್ದಾರೆ, ಅದೇ ದಾರಿ ಹಿಡಿಯಿರಿ. ಪ್ಲಾಂಟ್ ಸರಿಯಾದರೆ ಮನೆಗೆ ಬೇರೆ ಏನೂ ಬೇಕಾಗುವುದಿಲ್ಲ, ಆದ್ದರಿಂದ ಇಡೀ ಮನೆಯ ಸಾಫ್ಟನರಿಗೆ ಈಗ ದುಡ್ಡು ಹಾಕಬೇಡಿ.

ಅಲ್ಲಿಯವರೆಗೆ ಗೀಸರ್ ಉಳಿಸಿಕೊಳ್ಳಿ. ಥರ್ಮೋಸ್ಟಾಟ್ 50ರಿಂದ 55 ಡಿಗ್ರಿಗೆ ಇಳಿಸಿ. 60 ದಾಟಿದರೆ ಸುಣ್ಣ ಬಹಳ ಬೇಗ ಕೂರುತ್ತದೆ. ಸುಣ್ಣ ಶಾಖವನ್ನು ದಾಟಲು ಬಿಡುವುದಿಲ್ಲ, ಕಾಯಿಲ್‌ನ ಬಿಸಿ ನೀರಿಗೆ ಹೋಗದೆ ಅದರಲ್ಲೇ ಉಳಿದು ಅದೇ ಸುಟ್ಟುಹೋಗುತ್ತದೆ. ಗೀಸರ್ ಕುಂಯ್‌ಗುಟ್ಟುವ ಅಥವಾ ಪಟಪಟ ಸದ್ದು ಮಾಡಿದರೆ ಪದರ ಕಟ್ಟಿದೆ ಅಂತಲೇ ಅರ್ಥ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ, ಆನೋಡ್ ರಾಡ್ ನೋಡಲು ಹೇಳಿ. ಆ ಮೆಗ್ನೀಸಿಯಂ ಕಡ್ಡಿ ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಉಳಿಸುತ್ತದೆ, ಬೋರ್ ನೀರಿನಲ್ಲಿ ಬೇಗ ಸವೆಯುತ್ತದೆ. ರಿಪೇರಿಯವರು ಕಾಯಿಲ್ ಬದಲಿಸಿ ಹೋಗಿಬಿಡುತ್ತಾರೆ, ರಾಡ್ ಬಗ್ಗೆ ನೀವಾಗಿ ಕೇಳಬೇಕು.

ಆರ್‌ಒ ಬಗ್ಗೆ ಒಂದು ಮಾತು. ನಿಮ್ಮ ಈಗಿನ ನೀರಿಗೆ ಅದು ಬೇಕು. ಆದರೆ ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ, ಆ ಪೈಪಿಗೆ ಬಕೆಟ್ ಇಟ್ಟು ನೆಲ ಒರೆಸಲು, ಫ್ಲಶ್‌ಗೆ ಬಳಸಿ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಬೇಕು ಅಂದಿತ್ತು, ಈ ನೀರು ಪೋಲಾಗುವುದೇ ಕಾರಣ. ಕೊತ್ರೂಡ್‌ನಂಥ ಕಡೆ ಅಣೆಕಟ್ಟಿನ ನೀರಿಗೆ ಆರ್‌ಒ ಹಾಕಿಸಿಕೊಂಡವರು ಸುಮ್ನೆ ನೀರು ಚೆಲ್ಲುತ್ತಿದ್ದಾರೆ.

ಪ್ಲಾಂಟ್ ಸರಿಯಾದ ಮೇಲೆ ನೆನಪಿಡಬೇಕಾದ್ದು ಇದು. ಗಡಸು 100 ಇಳಿದರೆ ಲೀಟರಿಗೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಿಮ್ಮ 400ಕ್ಕೆ 180ರ ಮೇಲೆ. ಸ್ನಾನಕ್ಕೆ, ಬಟ್ಟೆಗೆ ಏನೂ ಆಗುವುದಿಲ್ಲ. ಮನೆಯಲ್ಲಿ ಬಿಪಿ ಇರುವವರಿಗೆ, ಚಿಕ್ಕ ಮಗುವಿಗೆ ಅದನ್ನು ನೇರ ಕುಡಿಯಲು ಕೊಡಬೇಡಿ, ಆರ್‌ಒ ಆದ ಮೇಲೆ ಕೊಡಿ, ಆರ್‌ಒ ಸೋಡಿಯಂ ಅನ್ನೂ ತೆಗೆಯುತ್ತದೆ. ಬಾಲ್ಕನಿಯ ತುಳಸಿ, ಕರಿಬೇವಿಗೆ ಸಾಫ್ಟನರ್ ನೀರು ದಿನಾ ಹಾಕಿದರೆ ಮಣ್ಣು ಗಟ್ಟಿಯಾಗುತ್ತದೆ, ಪ್ಲಾಂಟಿನ ಮುಂಚಿನ ಲೈನಿನಿಂದ ಕೆಳಗೆ ಒಂದು ನಲ್ಲಿ ಬಿಡಿಸಿಕೊಳ್ಳಿ. ಗಿಡಗಳಿಗೆ ಬೋರ್ ನೀರೇ ವಾಸಿ.